ಇಳಿದ ತೋಳಿಗೆ ಅಳತೆ ಸಿಕ್ಕ ಕಥೆ



ನಾವು ಲಕ್ವ ಎನ್ನುತ್ತೇವೆ. ನೆರೆಯ ಮರಾಠಿಯವರು ಅರ್ಧಾಂಗವಾಯು ಎಂದೂ ತೆಲುಗಿನವರು ಪಕ್ಷವಾತ ಎಂದೂ ಕರೆಯುತ್ತಾರೆ. ಹೆಸರು ಯಾವುದಾದರೇನು, ಅದು ಹೊಡೆದ ಎಷ್ಟೋ ಮನೆಗಳಲ್ಲಿ ಕೆಲವು ವಾರಗಳಲ್ಲೇ ಒಂದು ಮಾತು ಕೇಳಿಬರುತ್ತದೆ: "ತೋಳು ಕೀಲಿನಿಂದ ಇಳಿದಿದೆ." ಭುಜದ ತುದಿಯ ಕೆಳಗೆ ಬೆರಳಿಟ್ಟರೆ ಗುಳಿ ಸಿಗುತ್ತದೆ. ಆ ಗುಳಿಯನ್ನು ಅಳೆಯಲು ಕಲಿತದ್ದು ಹೇಗೆ? ಅದನ್ನೇ ಇಂದು ಹೇಳುತ್ತೇನೆ.

ಸೊಂಟದ ಕೀಲು ಆಳವಾದ ಬಟ್ಟಲಿನಲ್ಲಿ ಕೂತಿದೆ. ಭುಜದ ಬಟ್ಟಲಾದರೋ ಸಣ್ಣ ತಟ್ಟೆಯಂತೆ ಮಟ್ಟಸ. ತೋಳಿನ ಮೂಳೆಯ ಗುಂಡು ಅಲ್ಲಿ ನಿಲ್ಲಲು ಸ್ನಾಯುಗಳ ಹಿಡಿತ ಬೇಕು. ಲಕ್ವದಿಂದ ಸ್ನಾಯು ಸಡಿಲಾದರೆ ತೋಳಿನ ಭಾರವೇ ಗುಂಡನ್ನು ಕೆಳಕ್ಕೆ ಎಳೆಯುತ್ತದೆ.

ಮೊದಲು ವೈದ್ಯರಿಗೂ ಬೆರಳೇ ಅಳತೆಗೋಲು. 1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್‌ಜೆನ್ ಅವರು ಹೊಸ ಕಿರಣವೊಂದನ್ನು ಕಂಡರು. ಅದರ ಸ್ವರೂಪ ತಿಳಿಯದ್ದರಿಂದ ಎಕ್ಸ್ ಎಂದು ಕರೆದರು. ಡಿಸೆಂಬರ್ 22ರಂದು ಹೆಂಡತಿಯ ಕೈಮೂಳೆಗಳ ಚಿತ್ರ ತೆಗೆದರು. 1901ರಲ್ಲಿ ಭೌತಶಾಸ್ತ್ರದ ಮೊದಲ ನೊಬೆಲ್ ಬಹುಮಾನ ಅವರಿಗೆ ಬಂತು. ಆದರೂ ಪೇಟೆಂಟ್ ಪಡೆಯಲಿಲ್ಲ, ವಿದ್ಯೆ ಎಲ್ಲರದಾಯಿತು.

1959ರಲ್ಲಿ ಕೆನಡಾದ ಬಸ್ಮಾಜಿಯನ್ ಮತ್ತು ಬಜಾಂಟ್ ಭುಜದ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಪರೀಕ್ಷಿಸಿದರು. ಇಳಿಬಿಟ್ಟ ತೋಳನ್ನು ಹಿಡಿದಿಡುವುದು ಹೊರಗೆ ಕಾಣುವ ದಪ್ಪ ಸ್ನಾಯುವಲ್ಲ. ಒಳಗಡೆಯ ಸುಪ್ರಾಸ್ಪೈನೇಟಸ್ ಎಂಬ ಸ್ನಾಯು, ಕೀಲಿನ ಚೀಲದ ಮೇಲ್ಭಾಗ ಮತ್ತು ಬಟ್ಟಲಿನ ಓರೆ ಎಂದು ತೋರಿಸಿದರು. ಹಾಗಾದರೆ ಹೆಗಲಿನ ಹಲಗೆಮೂಳೆ ವಾಲಿದ್ದರಿಂದಲೇ ಗುಂಡು ಜಾರುತ್ತದೆ ಎಂಬ ನಂಬಿಕೆ ಬೆಳೆಯಿತು. 1987ರಲ್ಲಿ ಕೆನಡಾದವರೇ ಆದ ಪ್ರೆವೊ ಮತ್ತು ಸಂಗಡಿಗರು ರೋಗಿಗಳ ಎರಡೂ ಭುಜಗಳ ಎಕ್ಸ್-ರೇ ತೆಗೆದು ಲೆಕ್ಕ ಹಾಕಿದರು. ಮೂಳೆಯ ವಾಲಿಕೆಗೂ ಗುಂಡಿನ ಜಾರಿಕೆಗೂ ತಾಳೆಯಾಗಲಿಲ್ಲ. ಅಳತೆಯ ಮುಂದೆ ನಂಬಿಕೆ ಸಡಿಲಾಯಿತು.

ಅಳೆಯುವ ಒಂದು ರೀತಿ ಸರಳ: ಭುಜದ ತುದಿಮೂಳೆಯ ಕೆಳ ಅಂಚಿನಿಂದ ಗುಂಡಿನ ನೆತ್ತಿಯವರೆಗೆ ಎಷ್ಟು ಮಿಲಿಮೀಟರ್ ಎಂದು ನೋಡುವುದು. ಒಳ್ಳೆಯ ಭುಜವನ್ನೂ ಅಳೆದು ಹೋಲಿಸಬೇಕು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಇದು ಚೆನ್ನಾಗಿ ಹಿಡಿಸುತ್ತದೆ. ಜಮಾ ಬದಿಯೊಂದನ್ನೇ ನೋಡಿದರೆ ಲೆಕ್ಕ ತಾಳೆಯಾದೀತೇ? ಇನ್ನೊಂದು ಮುಖ್ಯ ಸಂಗತಿ: ಚಿತ್ರ ತೆಗೆಯುವಾಗ ರೋಗಿ ಕುಳಿತಿರಬೇಕು, ತೋಳು ಆಧಾರವಿಲ್ಲದೆ ಇಳಿಬಿದ್ದಿರಬೇಕು. ಮಲಗಿಸಿದರೆ ತೋಳಿನ ಭಾರ ಕೆಳಕ್ಕೆ ಎಳೆಯುವುದಿಲ್ಲ. ಇದ್ದ ಸಂದು ಮರೆಯಾಗಬಹುದು. ಈಚೆಗೆ ಅಲ್ಟ್ರಾಸೌಂಡ್‌ನಿಂದಲೂ ಅಳೆಯುತ್ತಾರೆ.

ಬಂಧುಗಳೇ, ಅಳೆಯುವುದು ಆಸ್ಪತ್ರೆಯ ಕೆಲಸ. ಕಾಯುವುದು ಮನೆಯವರ ಕೆಲಸ. ಲಕ್ವವಾದವರನ್ನು ಆ ತೋಳು ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈಹಾಕಿ ಎತ್ತಬೇಡಿ. ಕುಳಿತಾಗ ಆ ತೋಳಿನ ಕೆಳಗೆ ದಿಂಬು ಇಡಿ. ಗುಳಿ ಕಂಡರೆ ನೀವೇ ತಿಕ್ಕಿ ಕೂರಿಸಲು ಹೋಗದೆ ವೈದ್ಯರಿಗೆ ತೋರಿಸಿ. ತೋಳಿಗೂ ಭಾರವಿದೆ ಎಂಬುದನ್ನು ಮರೆಯಬೇಡಿ.