ಲ್ಯಾಬ್‌ವ್ಯೂ

ಅಳತೆ, ಪರೀಕ್ಷೆ ಮತ್ತು ಯಂತ್ರನಿಯಂತ್ರಣಕ್ಕಾಗಿ ರೂಪುಗೊಂಡ ಚಿತ್ರಾತ್ಮಕ ಪ್ರೋಗ್ರಾಮಿಂಗ್ ಪರಿಸರ. ಅಮೆರಿಕದ ಆಸ್ಟಿನ್ ನಗರದ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1986ರಲ್ಲಿ ಇದನ್ನು ಆಪಲ್ ಮ್ಯಾಕಿಂಟಾಷ್‌ಗಾಗಿ ಬಿಡುಗಡೆ ಮಾಡಿತು. ಇದರ ಮುಖ್ಯ ಶಿಲ್ಪಿ ಜೆಫ್ ಕೊಡೋಸ್ಕಿ.

ಇಲ್ಲಿ ಸಾಲುಸಾಲಾಗಿ ಕೋಡ್ ಬರೆಯುವುದಿಲ್ಲ. ಪರದೆಯ ಮೇಲೆ ಚೌಕಗಳನ್ನಿಟ್ಟು, ಅವನ್ನು ತಂತಿಗಳಿಂದ ಜೋಡಿಸಬೇಕು. ಒಂದು ಚೌಕಕ್ಕೆ ಬೇಕಾದ ದತ್ತಾಂಶವೆಲ್ಲ ಬಂದು ತಲುಪಿದಾಗಲೇ ಅದು ಕೆಲಸ ಆರಂಭಿಸುತ್ತದೆ. ಸರ್ಕ್ಯೂಟ್ ಚಿತ್ರ ಓದಬಲ್ಲ ಎಂಜಿನಿಯರ್‌ಗೆ ಇದು ಬೇಗ ಒಲಿಯುತ್ತದೆ. ಯುರೋಪಿನ ಕಣಭೌತ ಸಂಶೋಧನಾ ಸಂಸ್ಥೆ ಸರ್ನ್‌ನ ಬೃಹತ್ ಕಣವೇಗವರ್ಧಕದಲ್ಲಿ ಕಿರಣವನ್ನು ಹದ್ದುಬಸ್ತಿನಲ್ಲಿಡುವ ಕಾಲಿಮೇಟರ್‌ಗಳ ನಿಯಂತ್ರಣಕ್ಕೂ ಲ್ಯಾಬ್‌ವ್ಯೂ ಬಳಕೆಯಾಗಿದೆ; ಮಕ್ಕಳ ಲೆಗೊ ಮೈಂಡ್‌ಸ್ಟಾರ್ಮ್ಸ್ ರೋಬಾಟ್‌ನ ತಂತ್ರಾಂಶಕ್ಕೂ ಹಿಂದೆ ಇದೇ ತಳಹದಿಯಾಗಿತ್ತು.

ಭವಿಷ್ಯ ಮಾತ್ರ ಅಷ್ಟು ಸ್ಪಷ್ಟವಾಗಿಲ್ಲ.

ಹೊಸ ಪೀಳಿಗೆಯ ಆವೃತ್ತಿಯೆಂದು 2017ರಲ್ಲಿ ಬಂದ ಲ್ಯಾಬ್‌ವ್ಯೂ ಎನ್‌ಎಕ್ಸ್‌ಜಿಯನ್ನು ಕೈಬಿಡುವುದಾಗಿ ಕಂಪನಿ 2020ರಲ್ಲಿ ಪ್ರಕಟಿಸಿತು. ಅದೇ ವರ್ಷ ಹವ್ಯಾಸಿಗಳಿಗಾಗಿ ಉಚಿತ ಕಮ್ಯುನಿಟಿ ಆವೃತ್ತಿ ಬಂತು. 2022ರಲ್ಲಿ ಮಾರಾಟ ಚಂದಾ ಪದ್ಧತಿಗೆ ಹೊರಳಿತು, ಬಳಕೆದಾರರು ಅಸಮಾಧಾನಗೊಂಡರು. ಮುಂದೆ ಶಾಶ್ವತ ಪರವಾನಗಿ ಮರಳಿತು. 2023ರಲ್ಲಿ ಎಮರ್ಸನ್ ಸಂಸ್ಥೆ ಸುಮಾರು 820 ಕೋಟಿ ಡಾಲರ್‌ಗೆ ಕಂಪನಿಯನ್ನೇ ಕೊಂಡಿತು.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಪೈಪೋಟಿಯೂ ಇದೆ: ಅದು ಉಚಿತ, ಕಲಿತವರು ಎಲ್ಲೆಡೆ ಸಿಗುತ್ತಾರೆ. ಲ್ಯಾಬ್‌ವ್ಯೂ ಕಡತಗಳು ಬೈನರಿ ರೂಪದಲ್ಲಿರುವುದರಿಂದ ಗಿಟ್‌ನಂಥ ಆವೃತ್ತಿ ನಿರ್ವಹಣಾ ಸಾಧನಗಳಲ್ಲಿ ಎರಡು ಆವೃತ್ತಿಗಳನ್ನು ಸಾಲುಸಾಲಾಗಿ ಹೋಲಿಸಲಾಗದು. ಆದರೂ ದಶಕಗಳಿಂದ ಬೆಳೆದ ಪರೀಕ್ಷಾ ವ್ಯವಸ್ಥೆಗಳನ್ನು ಬದಲಿಸುವುದು ಸುಲಭವಲ್ಲ: ಉಪಕರಣಗಳ ಡ್ರೈವರ್, ಎಫ್‌ಪಿಜಿಎ ಚಿಪ್‌ಗಳ ಬೆಂಬಲ, ಮತ್ತೆ ನಡೆಸಬೇಕಾದ ಪ್ರಮಾಣೀಕರಣ ಎಲ್ಲವೂ ಅವಕ್ಕೆ ಅಂಟಿಕೊಂಡಿವೆ. ಹೀಗಾಗಿ ಹಲವು ತಂಡಗಳು ಹಳೆಯ ಪರೀಕ್ಷೆಗಳನ್ನು ಲ್ಯಾಬ್‌ವ್ಯೂನಲ್ಲೇ ಉಳಿಸಿಕೊಂಡು, ಹೊಸದನ್ನು ಪೈಥಾನ್‌ನಲ್ಲಿ ಬರೆದು, ಎರಡನ್ನೂ ಪರೀಕ್ಷೆಗಳನ್ನು ನಿರ್ವಹಿಸುವ ಟೆಸ್ಟ್‌ಸ್ಟ್ಯಾಂಡ್‌ ತಂತ್ರಾಂಶದ ಮೂಲಕ ಒಟ್ಟಿಗೆ ನಡೆಸುತ್ತಿವೆ.