ದಂಡ ಹೋದ ಮೇಲೆ ಉಳಿಯುವುದು

2022ರ ಏಪ್ರಿಲ್ 2, ಶನಿವಾರ. ನಮಗೆ ಯುಗಾದಿ, ಇಲ್ಲಿಯವರಿಗೆ ಗುಢಿಪಾಡವಾ. ಎರಡು ವರ್ಷ ನಿಂತುಹೋಗಿದ್ದ ಶೋಭಾಯಾತ್ರೆ ಡೊಂಬಿವಲಿಯ ಫಡಕೆ ರೋಡಿನಲ್ಲಿ ಮತ್ತೆ ಹೊರಟಿತ್ತು. ಢೋಲು, ತಾಶೆ, ನಥ್ ತೊಟ್ಟ ಹೆಣ್ಣುಮಕ್ಕಳು, ರಸ್ತೆ ತುಂಬ ರಂಗೋಲಿ. ಅದೇ ದಿನದಿಂದ ಮಹಾರಾಷ್ಟ್ರ ಸರಕಾರ ಕೋವಿಡ್ಡಿನ ಎಲ್ಲ ನಿರ್ಬಂಧಗಳನ್ನೂ ತೆಗೆದುಹಾಕಿತ್ತು. ಮಾಸ್ಕು ಇನ್ನು ಮೇಲೆ ಅವರವರ ಇಚ್ಛೆ. ಮುಂಬಯಿ ಮಹಾನಗರಪಾಲಿಕೆಯಂತೂ ಅದರ ಹಿಂದಿನ ದಿನವೇ 200 ರೂಪಾಯಿಯ ದಂಡವನ್ನು ನಿಲ್ಲಿಸಿತ್ತು. ನಾನು ಬೇವು-ಬೆಲ್ಲ ತಿಂದು ಹೊರಗೆ ಹೊರಟಾಗ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ ಮಾಸ್ಕನ್ನು ಅಲ್ಲೇ ಬಿಟ್ಟೆ. ಎರಡು ವರ್ಷದ ಮೇಲೆ ಬರಿಮುಖದಲ್ಲಿ ಬೀದಿಗಿಳಿದ ಆ ಬೆಳಗಿನ ಗಾಳಿ ಇನ್ನೂ ನೆನಪಿದೆ.

ಆ ಮಳೆಗಾಲಕ್ಕೆ ಐರೋಳಿಯ ಆಫೀಸು ನಮ್ಮನ್ನು ವಾರಕ್ಕೆ ಮೂರು ದಿನ ವಾಪಸು ಕರೆಯಿತು. ನನ್ನ ತಂಡದಲ್ಲಿ ಕಲ್ಯಾಣದಿಂದ ಬರುವ ಒಬ್ಬ ಮರಾಠಿ ಹೆಣ್ಣುಮಗಳಿದ್ದರು. ಎಲ್ಲರೂ ಬಿಟ್ಟ ಮೇಲೂ ಎನ್95 ಮಾಸ್ಕು ತೆಗೆಯುತ್ತಿರಲಿಲ್ಲ. ಊಟಕ್ಕೆ ಕ್ಯಾಂಟೀನಿಗೆ ಬರದೆ ಟೆರೇಸಿಗೆ ಡಬ್ಬಿ ಒಯ್ಯುತ್ತಿದ್ದರು. ಒಂದು ಮೀಟಿಂಗಿನಲ್ಲಿ ನಾನು ತಮಾಷೆಗೆಂದು ಕೇಳಿದೆ: "ಸರಕಾರವೇ ಬಿಟ್ಟುಬಿಟ್ಟಿದೆ, ನೀವು ಯಾಕೆ ಇನ್ನೂ ಹಿಡಿದುಕೊಂಡಿದ್ದೀರಿ?" ಎಲ್ಲರೂ ನಕ್ಕರು. ಸಂಜೆ ಐರೋಳಿ ಸ್ಟೇಷನ್ನಿನಲ್ಲಿ ಠಾಣೆಯ ಗಾಡಿಗೆ ಕಾಯುತ್ತಿದ್ದಾಗ ಅವರೇ ಹತ್ತಿರ ಬಂದು ಹೇಳಿದರು. ಗಂಡನಿಗೆ ಮೂತ್ರಪಿಂಡದ ಕಸಿಯಾಗಿದೆ. ದೇಹ ಅದನ್ನು ತಿರಸ್ಕರಿಸದಂತೆ ಕೊಡುವ ಔಷಧಿ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತದೆ, ಲಸಿಕೆಯೂ ಅಂಥವರಿಗೆ ಪೂರ್ತಿ ಹತ್ತುವುದಿಲ್ಲ. "ಸರಕಾರ ಬಿಟ್ಟಿತು ಸರ್, ಕಾಯಿಲೆ ಬಿಟ್ಟಿಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ನಾಚಿಕೆಯಾಯಿತು.

ಪ್ರಾಜೆಕ್ಟ್ ಮ್ಯಾನೇಜರನಾಗಿ ನಾನು ಹುಡುಗರಿಗೆ ದಿನವೂ ಹೇಳುವ ಮಾತೊಂದಿದೆ: ಟಿಕೆಟ್ ಕ್ಲೋಸ್ ಆಯಿತೆಂದರೆ ಸಮಸ್ಯೆ ಮುಗಿಯಿತು ಎಂದಲ್ಲ. ಅದನ್ನೇ ನಾನು ಮರೆತಿದ್ದೆ. ನಿಯಮ ಹೋದ ಮೇಲೆ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು? ಈ ಪ್ರಶ್ನೆ ನಮಗೆ ಹೊಸದೇನಲ್ಲ ಎಂದು ಆಮೇಲೆ ಓದುತ್ತ ಹೋದಾಗ ತಿಳಿಯಿತು. ಈ ಊರಿಗೂ, ನನ್ನ ಹುಬ್ಬಳ್ಳಿ-ಧಾರವಾಡದ ಕಡೆಗೂ ಇದು ನೂರಿಪ್ಪತ್ತೈದು ವರ್ಷ ಹಳೆಯದು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾಕ್ಟರ್ ಅಕಾಸಿಯೋ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ ನಗರದ ಸುಮಾರು ಅರ್ಧ ಜನ ಊರು ಬಿಟ್ಟರು. 1897ರ ಫೆಬ್ರವರಿ 4ರಂದು ಬ್ರಿಟಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ನಾಲ್ಕೇ ಕಲಮುಗಳ ಪುಟ್ಟ ಕಾಯ್ದೆ. 2020ರ ಮಾರ್ಚಿನಲ್ಲಿ ಮಹಾರಾಷ್ಟ್ರ ಕೈಗೆತ್ತಿಕೊಂಡದ್ದೂ ಅದೇ ಕಾಯ್ದೆಯನ್ನು. ಅದರ ಬಲದಿಂದ ಆಗ ಮನೆ ಮನೆ ಶೋಧ ನಡೆಯಿತು, ರೈಲು ಪ್ರಯಾಣಿಕರ ತಪಾಸಣೆ ನಡೆಯಿತು, ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸಲಾಯಿತು. ಜನ ತಿರುಗಿ ಬಿದ್ದರು. ಕಾಯ್ದೆ ಬರುವ ಮೊದಲೇ, 1896ರ ಅಕ್ಟೋಬರಿನಲ್ಲಿ, ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದ್ದರು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಚಾಪೇಕರ್ ಸಹೋದರರು 1897ರ ಜೂನ್ 22ರಂದು ಗುಂಡು ಹಾರಿಸಿದರು. 1898ರ ಮಾರ್ಚಿನಲ್ಲಿ ಮುಂಬಯಿಯಲ್ಲೇ ಗಲಭೆಯಾಯಿತು. ಕೊನೆಗೆ ಸರಕಾರವೇ ಕಟ್ಟುನಿಟ್ಟನ್ನು ಸಡಿಲಿಸಬೇಕಾಯಿತು.

ನಿಯಮ ಸಡಿಲವಾದ ಮೇಲೆ ಜನ ಎಲ್ಲವನ್ನೂ ಬಿಟ್ಟರೇ? ಇಲ್ಲ. ಊರು ಖಾಲಿ ಮಾಡುವ ಪದ್ಧತಿಯನ್ನು ಉಳಿಸಿಕೊಂಡರು. ಮೊದಮೊದಲು ಸರಕಾರದ ಒತ್ತಾಯಕ್ಕೆ ಬೈಯುತ್ತ ಹೊರಬಿದ್ದವರೇ ಮುಂದಿನ ವರ್ಷಗಳಲ್ಲಿ ಇಲಿ ಸಾಯತೊಡಗಿದ ಕೂಡಲೇ ತಾವಾಗಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ನಮ್ಮ ಅಜ್ಜಿ ತನ್ನ ಅತ್ತೆಯಿಂದ ಕೇಳಿದ್ದನ್ನು ಹೇಳುತ್ತಿದ್ದಳು: "ಇಲಿ ಬಿತ್ತಂದ್ರ ಹೊಲಕ್ಕ ಹೋಗೂದು. ಸರಕಾರದವ್ರು ಹೇಳೂತನಾ ಯಾರು ಕಾಯ್ತಾರ?" 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂದಾಗ ಸಾವಿರಾರು ಜನ ಹಾಫ್ಕಿನ್‌ನ ಲಸಿಕೆ ಚುಚ್ಚಿಸಿಕೊಂಡರು. ಆ ಲಸಿಕೆಯನ್ನು ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯಲ್ಲೇ ತಯಾರಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ. ಮನೆ ಶೋಧವನ್ನು ಜನ ಅವಮಾನವೆಂದು ಕಂಡರು, ಊರು ಬಿಡುವುದನ್ನು ಬುದ್ಧಿವಂತಿಕೆ ಎಂದುಕೊಂಡರು. ಎರಡೂ ಒಂದೇ ಸರಕಾರದಿಂದ ಬಂದದ್ದು. ಉಳಿದದ್ದು ಮಾತ್ರ ಜನರಿಗೆ ತಮ್ಮದೇ ಕಾರಣ ಸಿಕ್ಕಿದ್ದು.

ಆಗಿನ ಪ್ಲೇಗಿಗೂ ಮಾಸ್ಕಿಗೂ ಹೆಚ್ಚು ಸಂಬಂಧವಿರಲಿಲ್ಲ. ಅದು ಇಲಿಯ ಚಿಗಟದಿಂದ ಹರಡುವ ರೋಗ. ಮಾಸ್ಕಿನ ಕಥೆ ಶುರುವಾಗುವುದು ಶ್ವಾಸದಿಂದಲೇ ಹರಡುವ ಇನ್ನೊಂದು ಬಗೆಯ ಪ್ಲೇಗಿನಿಂದ. ಅದು 1910ರ ಚಳಿಗಾಲದಲ್ಲಿ ಮಂಚೂರಿಯಾದಲ್ಲಿ ಎದ್ದಿತು. ಚೀನಾ ಸರಕಾರ ಹಾರ್ಬಿನ್ ನಗರಕ್ಕೆ ಕಳಿಸಿದ್ದು ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ವು ಲಿಯೆನ್-ತೆ ಎಂಬ ಯುವ ವೈದ್ಯನನ್ನು. ರೋಗ ಗಾಳಿಯಲ್ಲಿ ಹರಡುತ್ತದೆ ಎಂದು ಹೇಳಿ ಅವನು ಗಾಜ್ ಬಟ್ಟೆಯ ಪದರಗಳ ನಡುವೆ ಹತ್ತಿ ಇಟ್ಟು ಮಾಸ್ಕು ಮಾಡಿಸಿದ. ಮೆನಿ ಎಂಬ ಫ್ರೆಂಚ್ ವೈದ್ಯ ಅದನ್ನು ನಂಬಲಿಲ್ಲ. ಚೀನೀಯನೊಬ್ಬ ತನಗೆ ಪಾಠ ಹೇಳುವುದೇ ಎಂದು ಕೆರಳಿ, ಮಾಸ್ಕಿಲ್ಲದೆ ರೋಗಿಗಳನ್ನು ನೋಡಲು ಹೋದ. ಕೆಲವೇ ದಿನಗಳಲ್ಲಿ ಅದೇ ರೋಗದಿಂದ ಸತ್ತ. ಆಮೇಲೆ ಹಾರ್ಬಿನ್ನಿನಲ್ಲಿ ಮಾಸ್ಕು ಹಾಕಿ ಎಂದು ಯಾರಿಗೂ ಹೇಳಬೇಕಾಗಲಿಲ್ಲ. ಆ ಪಿಡುಗು ಸುಮಾರು 60,000 ಜನರನ್ನು ಕೊಂದಿತು.

1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಜೂನಿನಲ್ಲಿ ಮುಂಬಯಿ ಬಂದರಿನ ಕಾವಲಿಗಿದ್ದ ಏಳು ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದ್ದು ಇಲ್ಲಿ ಅದರ ಮೊದಲ ಸುಳಿವು. ಅಕ್ಟೋಬರ್ 6ರ ಒಂದೇ ದಿನ ನಗರದಲ್ಲಿ 768 ಜನ ಸತ್ತರು. ಸರಕಾರದ ಕೈ ಸೋತಾಗ ಸೋಷಿಯಲ್ ಸರ್ವಿಸ್ ಲೀಗ್‌ನಂಥ ಸಂಸ್ಥೆಗಳು, ಜಾತಿ-ಸಮುದಾಯಗಳ ಮಂಡಳಿಗಳು ಔಷಧಿ, ಹಾಲು ಹಂಚಿದವು. ದೇಶದಲ್ಲಿ ಸತ್ತವರ ಲೆಕ್ಕ ಕೋಟಿಯನ್ನು ದಾಟುತ್ತದೆ. 1911ರಿಂದ 1921ರ ನಡುವೆ ಭಾರತದ ಜನಸಂಖ್ಯೆ ಬೆಳೆಯುವ ಬದಲು ಇಳಿಯಿತು. ಜನಗಣತಿ ಶುರುವಾದಾಗಿನಿಂದ ಅಂಥ ದಶಕ ಇನ್ನೊಂದಿಲ್ಲ.

ಅದೇ ಹೊತ್ತಿನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ ಮಾಸ್ಕನ್ನು ಕಾನೂನು ಮಾಡಿತು. ಹಾಕದವರಿಗೆ ದಂಡ, ಕೆಲವರಿಗೆ ಜೈಲು. ಕುಸ್ತಿಯಂಥದ್ದೇ ಬಾಕ್ಸಿಂಗ್ ಪಂದ್ಯವೊಂದಕ್ಕೆ ಮಾಸ್ಕಿಲ್ಲದೆ ಹೋದ ಮೇಯರ್ ಜೇಮ್ಸ್ ರಾಲ್ಫ್ ತಾನೇ 50 ಡಾಲರ್ ದಂಡ ಕಟ್ಟಬೇಕಾಯಿತು. ನವೆಂಬರ್ 21ರ ಮಧ್ಯಾಹ್ನ 12ಕ್ಕೆ ಸೀಟಿ ಊದಿ ನಿಯಮ ಮುಗಿಯಿತೆಂದು ಸಾರಿದಾಗ ಜನ ಮಾಸ್ಕು ಕಿತ್ತು ರಸ್ತೆಗೆ ಎಸೆದರು. ಜನವರಿಯಲ್ಲಿ ರೋಗ ಮತ್ತೆ ಏರಿತು, ಮಾಸ್ಕಿನ ಕಾನೂನೂ ಮರಳಿತು. ಈ ಬಾರಿ ‘ಆ್ಯಂಟಿ-ಮಾಸ್ಕ್ ಲೀಗ್’ ಎಂಬ ಸಂಘವೇ ಹುಟ್ಟಿ ಸಭೆ ನಡೆಸಿತು. ಫೆಬ್ರವರಿ 1ಕ್ಕೆ ಕಾನೂನು ಮತ್ತೆ ಹೋಯಿತು. ಇನ್ನೊಂದು ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ: ಕ್ಯಾಲಿಫೋರ್ನಿಯಾದ ಆರೋಗ್ಯ ಇಲಾಖೆಯ ಕೆಲ್ಲಾಗ್ 1920ರಲ್ಲಿ ಆ ಗಾಜ್ ಮಾಸ್ಕುಗಳನ್ನು ಪರೀಕ್ಷಿಸಿ, ಅಂಥ ಕಡ್ಡಾಯದಿಂದ ಸಾಂಕ್ರಾಮಿಕ ತಡೆಯಲಿಲ್ಲ ಎಂಬ ನಿರ್ಣಯಕ್ಕೆ ಬಂದ. ಸಡಿಲವಾದ ತೆಳು ಬಟ್ಟೆಗೂ ಮುಖಕ್ಕೆ ಬಿಗಿಯಾಗಿ ಕೂರುವ ಇಂದಿನ ಎನ್95ಗೂ ಅಜಗಜಾಂತರ. ನಾವು 2020ರಲ್ಲಿ ಕರವಸ್ತ್ರ ಕಟ್ಟಿಕೊಂಡು, ಮೂಗು ಹೊರಗೆ ಬಿಟ್ಟು ದಂಡ ತಪ್ಪಿಸಿಕೊಂಡದ್ದೂ ಮೊದಲನೆಯ ಜಾತಿಗೇ ಸೇರಿದ್ದು.

ಜಪಾನಿನಲ್ಲಿ ಕಥೆ ಬೇರೆಯಾಯಿತು. 1918ರ ಜ್ವರದ ಕಾಲದಲ್ಲಿ ಅಲ್ಲಿಯ ಸರಕಾರ ಭಿತ್ತಿಪತ್ರ ಹಚ್ಚಿ ಮಾಸ್ಕಿನ ಪ್ರಚಾರ ಮಾಡಿತು. ಜ್ವರ ಹೋದ ಮೇಲೂ ನೆಗಡಿಯಾದವರು ಇನ್ನೊಬ್ಬರಿಗೆ ಹಚ್ಚಬಾರದೆಂದು ಅದನ್ನು ಹಾಕಿಕೊಂಡರು. ಮುಂದೆ ಮರಗಳ ಪರಾಗದ ಅಲರ್ಜಿಗೂ ಅದೇ ಆಯಿತು. 2023ರ ಮಾರ್ಚ್ 13ರಂದು ಜಪಾನ್ ಸರಕಾರ ಮಾಸ್ಕನ್ನು ಅವರವರ ಇಷ್ಟಕ್ಕೆ ಬಿಟ್ಟಾಗಲೂ ಬಹಳ ಜನ ಹಾಕಿಕೊಂಡೇ ಓಡಾಡಿದರು. ಒಂದೇ ಜ್ವರ, ಒಂದೇ ಬಟ್ಟೆ. ಒಂದು ಕಡೆ ಸೀಟಿ ಊದಿದ ಕೂಡಲೇ ರಸ್ತೆಗೆ ಬಿತ್ತು, ಇನ್ನೊಂದು ಕಡೆ ಮರ್ಯಾದೆಯಾಗಿ ಉಳಿಯಿತು.

ಮುಂಬಯಿಗೆ ಆ ಎರಡು ಪಿಡುಗುಗಳು ಬಿಟ್ಟುಹೋದದ್ದೇನು? ಪ್ಲೇಗು ಬಹಳ ಬಿಟ್ಟುಹೋಯಿತು. 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಗಾಳಿ ಬೆಳಕಿಲ್ಲದ ಓಣಿಗಳನ್ನು ಒಡೆದು ಅಗಲ ರಸ್ತೆ ಮಾಡಿತು, ದಾದರ್-ಮಾಟುಂಗದ ಬಡಾವಣೆಗಳನ್ನು ಬಿಡಿಸಿತು. ದಕ್ಷಿಣದವರು ಬಂದು ನೆಲೆಯೂರಿದ, ನಮ್ಮ ಮೈಸೂರು ಅಸೋಸಿಯೇಷನ್ ಇರುವ ಮಾಟುಂಗ ಒಂದರ್ಥದಲ್ಲಿ ಪ್ಲೇಗಿನ ಕೂಸು. ಪರೇಲಿನ ಹಾಫ್ಕಿನ್ ಇನ್‌ಸ್ಟಿಟ್ಯೂಟ್ ಕೂಡ ಆ ಕಾಲದ್ದೇ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳದೂ ಇದೇ ಕಥೆ. 1918ರ ಜ್ವರ ಮಾತ್ರ ಅಷ್ಟೊಂದು ಜನರನ್ನು ಕೆಲವೇ ತಿಂಗಳಲ್ಲಿ ಒಯ್ದರೂ ಹೆಚ್ಚುಕಡಿಮೆ ಜನಗಣತಿಯ ಒಂದು ಸಾಲಾಗಿ ಉಳಿಯಿತು. ಬೇಗ ಬಂತು, ಬೇಗ ಹೋಯಿತು, ಜನ ಅದಕ್ಕಿಂತ ಬೇಗ ಮರೆತರು.

ಈಗ ನಮ್ಮ ಕಾಲಕ್ಕೆ ಬರೋಣ. ಮುಂಬಯಿಯಲ್ಲಿ ಮಾಸ್ಕು ಕಡ್ಡಾಯವಾದದ್ದು 2020ರ ಏಪ್ರಿಲ್ 8ರಂದು. ಲೋಕಲ್ ಗಾಡಿಗಳು ಮಾರ್ಚಿನಲ್ಲೇ ನಿಂತಿದ್ದವು. ಅವಶ್ಯಕ ಸೇವೆಯವರಿಗೆಂದು ಜೂನ್ 15ರಂದು ಮತ್ತೆ ಹೊರಟವು. ಎರಡೂ ಡೋಸ್ ಆದ ಸಾಮಾನ್ಯರಿಗೆ ಬಾಗಿಲು ತೆರೆದದ್ದು 2021ರ ಆಗಸ್ಟ್ 15ರಂದು. ಆ ನಡುವೆ ಡೊಂಬಿವಲಿ, ಕಲ್ಯಾಣದವರು ಬಸ್ಸಿನಲ್ಲಿ ಮೂರು ಮೂರು ಗಂಟೆ ಕಳೆದದ್ದು ಈ ಬರಹ ಓದುವ ಅನೇಕರಿಗೆ ಗೊತ್ತು. ನಿಯಮ ಹೋಗಿ ಎರಡೇ ತಿಂಗಳಿಗೆ, 2022ರ ಜೂನ್ ಮೊದಲಲ್ಲಿ, ರೋಗಿಗಳ ಸಂಖ್ಯೆ ಏರಿತು. ರಾಜ್ಯದ ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿ ಜಿಲ್ಲೆಗಳಿಗೆ ಪತ್ರ ಬರೆದು ರೈಲು, ಬಸ್ಸು, ಸಿನೆಮಾ, ಆಫೀಸು, ಶಾಲೆಗಳಂಥ ಮುಚ್ಚಿದ ಜಾಗಗಳಲ್ಲಿ ಮಾಸ್ಕು ‘ಮಸ್ಟ್’ ಎಂದರು. ಮಾಸ್ಕು ಮತ್ತೆ ಬಂತೆಂದು ಸುದ್ದಿ ಹಬ್ಬಿತು. ಆಗಿನ ಆರೋಗ್ಯ ಮಂತ್ರಿ ರಾಜೇಶ್ ಟೋಪೆ ಅವರು ಪತ್ರದ ‘ಮಸ್ಟ್’ ಅಂದರೆ ಕಡ್ಡಾಯವಲ್ಲ, ಅದು ಮನವಿ ಎಂದು ಸ್ಪಷ್ಟಪಡಿಸಿದರು. ನಾವೆಲ್ಲ ವಾಟ್ಸಾಪಿನಲ್ಲಿ ಇದನ್ನು ಹಂಚಿಕೊಂಡು ನಕ್ಕೆವು. ಇಂಗ್ಲಿಷ್ ಬಾರದ ಸರಕಾರ ಎಂದೆವು.

ಈಗ ಯೋಚಿಸಿದರೆ ಅದು ನಗುವ ಮಾತಲ್ಲ. ಮಾಡಲೇಬೇಕು, ಆದರೆ ಯಾರೂ ಒತ್ತಾಯಿಸುವುದಿಲ್ಲ. ಇಂಥ ‘ಮಸ್ಟ್’ಗಳ ಮೇಲೆಯೇ ಅಲ್ಲವೇ ನಮ್ಮ ದಿನಗಳು ನಡೆಯುವುದು? ಮನೆಯೊಳಗೆ ಚಪ್ಪಲಿ ಬಿಟ್ಟು ಹೋಗುವುದಕ್ಕೆ ಕಾನೂನಿಲ್ಲ. ಗಾಡಿಯಲ್ಲಿ ಮೂವರ ಸೀಟಿಗೆ ನಾಲ್ಕನೆಯವರನ್ನು ಕೂರಿಸಿಕೊಳ್ಳುವುದಕ್ಕೂ ಕಾನೂನಿಲ್ಲ. ಆದರೂ ಸರಿದು ಜಾಗ ಕೊಡುತ್ತೇವೆ, ಕೊಡದವನನ್ನು ಕಣ್ಣಲ್ಲೇ ಬೈಯುತ್ತೇವೆ.

ಅಂಥ ಕಾರಣಗಳು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಗಿಜಿಗುಡುವ ಹೊತ್ತಿನ ಲೋಕಲಿನಲ್ಲಿ ಒಂದು ಚದರ ಮೀಟರಿಗೆ 14ರಿಂದ 16 ಜನ ನಿಲ್ಲುತ್ತಾರೆ ಎಂಬುದು ರೈಲ್ವೆಯದೇ ಲೆಕ್ಕ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ, ಅದೂ ಗಾಳಿಯಲ್ಲೇ ಹರಡುವ ರೋಗ. ಇನ್ನು ಡೊಂಬಿವಲಿಯ ಗಾಳಿ. 2009ರಲ್ಲೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇದನ್ನು ತೀವ್ರ ಕಲುಷಿತ ಪ್ರದೇಶಗಳ ಪಟ್ಟಿಗೆ ಸೇರಿಸಿತ್ತು. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿತ್ತು, 2020ರ ಫೆಬ್ರವರಿಯಲ್ಲಿ ಎಂಐಡಿಸಿಯ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿತು. ಕೋವಿಡ್ ಬಾರದಿದ್ದರೂ ನಾವು ಮಾಸ್ಕು ಹುಡುಕಬೇಕಾದವರೇ.

ಹಾಗೆಂದು ದಂಡ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಬಾರದಿರಲಿ. ದಂಡಕ್ಕೆ ಹೆದರಿ ಹಾಕಿದ್ದು ಗದ್ದದ ಕೆಳಗೆ ಜೋತಾಡುವುದನ್ನು ಎರಡು ವರ್ಷ ನೋಡಿದ್ದೇವೆ. ಮಕ್ಕಳು ಟೀಚರ ಬಾಯಿ ನೋಡದೆ ಅಕ್ಷರ ಕಲಿತರು, ಕಿವಿ ಮಂದವಾದವರು ತುಟಿಯ ಚಲನೆ ಕಾಣದೆ ಒಂಟಿಯಾದರು. ಅದರ ಬೆಲೆಯೂ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್ಡಿನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ನಿಯಮ ಹೋದದ್ದು ಸರಿಯೇ. ನಾವು ತಪ್ಪಿದ್ದು ನಿಯಮದ ಜೊತೆ ಕಾರಣವೂ ಹೋಯಿತೆಂದು ತಿಳಿದು, ಹಾಕಿಕೊಂಡವರನ್ನು ನೋಡಿ ನಕ್ಕಾಗ.

ಈಗ ನನ್ನ ಲ್ಯಾಪ್‌ಟಾಪ್ ಬ್ಯಾಗಿನ ಹೊರಜೇಬಿನಲ್ಲಿ ಕೊಡೆಯ ಪಕ್ಕ ಎರಡು ಎನ್95 ಇರುತ್ತವೆ. ಕೊಡೆಯಂತೆಯೇ ದಿನವೂ ಬೇಕಾಗುವುದಿಲ್ಲ. ನೆಗಡಿ, ಕೆಮ್ಮು ಇದ್ದರೆ, ಆಸ್ಪತ್ರೆಗೆ ಹೋದರೆ, ಎಂಐಡಿಸಿಯ ಕಡೆ ವಾಸನೆ ಎದ್ದ ರಾತ್ರಿ ಹಾಕಿಕೊಳ್ಳುತ್ತೇನೆ. ತಂಡದ ಮೀಟಿಂಗು ಈಗ ಕಿಟಕಿ ತೆರೆಯುವ ಕೋಣೆಯಲ್ಲಿ ನಡೆಯುತ್ತದೆ. ನೆಗಡಿಯಾದವರು ಮನೆಯಿಂದಲೇ ಕೆಲಸ ಮಾಡಲಿ, ಕಾರಣ ಕೇಳುವುದಿಲ್ಲ ಎಂದು ಹೇಳಿದ್ದೇನೆ. ಕಲ್ಯಾಣದ ಆ ಸಹೋದ್ಯೋಗಿಯ ಕ್ಷಮೆಯನ್ನು ಅದೇ ಮೀಟಿಂಗಿನಲ್ಲಿ, ಅಂದು ನಕ್ಕವರ ಎದುರಿಗೇ ಕೇಳಿದೆ. "ಹೋಗಲಿ ಬಿಡಿ ಸರ್, ಇವತ್ತು ಏನು ಅಜೆಂಡಾ?" ಎಂದರು.