ಸ್ಟೀಲೋ, ಉಕ್ಕೋ?

ಕುರುಗೋಡಿನಲ್ಲಿ ನಮಗೆ ಪರಿಚಯದ ಹಡಪದ ಅಜ್ಜ ಒಬ್ಬರಿದ್ದರು. ಒಂದು ದಿನ ಕಟ್ಟಿಗೆಯ ಪೆಟ್ಟಿಗೆಯಿಂದ ಮೂರು ಹಳೆಯ ಕ್ಷೌರದ ಕತ್ತಿಗಳನ್ನು ತೆಗೆದು ಮುಂದಿಟ್ಟು, “ಸಾಬ್ರೆ, ಇವು ಸ್ಟೀಲೋ, ಉಕ್ಕೋ ನೋಡ್ರಿ. ಗುಜರಿಯವ ತೂಕದ ಮ್ಯಾಲೆ ಕೇಳಾಕತ್ಯಾನ” ಎಂದರು. ಊರ ಮಕ್ಕಳ ಜವಳಕ್ಕೂ ನಮ್ಮವರ ಅಕೀಕಾಕ್ಕೂ ಓಡಾಡಿದ ಕತ್ತಿಗಳವು. ಈಗ ಒಮ್ಮೆ ಬಳಸಿ ಎಸೆಯುವ ಬ್ಲೇಡು ಬಂದಿದೆ. ರಕ್ತದಿಂದ ಹರಡುವ ರೋಗಗಳನ್ನು ನೆನೆದರೆ ಅದೇ ಸರಿ.

ಸ್ಟೀಲೆಂದರೂ ಉಕ್ಕೇ. ಆದರೆ ನಮ್ಮ ಅಡುಗೆಮನೆಗಳಲ್ಲಿ ಸ್ಟೀಲೆಂದರೆ ತುಕ್ಕು ಹಿಡಿಯದ್ದು. ಹಾಗಾಗಿ ಅಜ್ಜನ ಪ್ರಶ್ನೆ ಸರಿಯಾದದ್ದೇ. ಅಂಥ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕ್ರೋಮಿಯಂ ಬೆರೆಸಿ ಮಾಡಿದ್ದು 1913ರಲ್ಲಿ. ಅದಕ್ಕಿಂತ ಹಳೆಯ ಕತ್ತಿಗಳೆಲ್ಲ ಶೇ. 1ರ ಆಸುಪಾಸು ಇಂಗಾಲವಿರುವ ಉಕ್ಕಿನವು. ಆಮೇಲಿನವೂ ಹೆಚ್ಚಿನವು ಅವೇ. ಅಯಸ್ಕಾಂತ ಹಿಡಿದು ಪ್ರಯೋಜನವಿಲ್ಲ, ಕತ್ತಿಗೆ ಬಳಸುವ ಸ್ಟೇನ್‌ಲೆಸ್ಸೂ ಅಂಟುತ್ತದೆ. ಬುಡದ ಮರೆಯಲ್ಲಿ ಲಿಂಬೆರಸದ ಒಂದು ಹನಿ ಬಿಟ್ಟು ನೋಡಬೇಕು. ಇಂಗಾಲದ ಉಕ್ಕಾದರೆ ಸ್ವಲ್ಪ ಹೊತ್ತಿನಲ್ಲೇ ಬೂದುಬಣ್ಣಕ್ಕೆ ತಿರುಗುತ್ತದೆ.

ತುಕ್ಕಿನಲ್ಲೂ ಜಾತಿಗಳಿವೆ. ಬೆರಳಿಗೆ ಹತ್ತುವ ಕೆಂಪು ಪುಡಿ ಇನ್ನೂ ತಿನ್ನುತ್ತಿರುವ ತುಕ್ಕು. ನಮ್ಮ ಜಿಲ್ಲೆಗೆ ಕೆಂಪು ಪುಡಿ ಹೊಸದೇನಲ್ಲ. ಸಂಡೂರಿನ ಅದಿರೂ ಕಬ್ಬಿಣಕ್ಕೆ ಆಮ್ಲಜನಕ ಕೂಡಿದ್ದೇ, ತುಕ್ಕಿನ ಹತ್ತಿರದ ನಂಟ. ಮೈಗೆ ಕಚ್ಚಿಕೊಂಡ ತೆಳುವಾದ ಕಪ್ಪು ಕಲೆ ಮಾತ್ರ ಸ್ವಲ್ಪ ಮಟ್ಟಿಗೆ ಹೊದಿಕೆಯಂತೆ ಕಾಯುತ್ತದೆ, ಅದನ್ನು ಕೆರೆಯಬಾರದು. ಬೆವರಿನ ಉಪ್ಪು ಕೊರೆದ ಸೂಜಿಮೊನೆಯಂಥ ಗುಂಡಿಗಳು ಅಂಚಿನವರೆಗೆ ಹಬ್ಬಿದ್ದರೆ ಯಾವ ಸಾಣೆಗೂ ಆ ಕತ್ತಿ ಒಲಿಯದು. ಇನ್ನೊಂದು ವಿಚಿತ್ರವಿದೆ. ಸೆಲ್ಯುಲಾಯ್ಡಿನ ಹಿಡಿ ಹಳತಾಗಿ ಕೊಳೆಯತೊಡಗಿದರೆ ಆಮ್ಲದ ಆವಿ ಬಿಡುತ್ತದೆ. ಮಡಚಿಟ್ಟ ಕತ್ತಿಯನ್ನು ಅದರ ಹಿಡಿಯೇ ತಿನ್ನುತ್ತದೆ. ಅಜ್ಜನ ಮೂರನೆಯ ಕತ್ತಿಗೆ ಆಗಿದ್ದು ಅದೇ.

ಮೊದಲನೆಯದರ ಬುಡದಲ್ಲಿ ಜರ್ಮನಿ ಎಂದಿತ್ತು. ಗಿರಾಕಿಗಳು ಮೋಸಹೋಗದಂತೆ ಸರಕಿನ ಮೇಲೆ ದೇಶದ ಹೆಸರು ಒತ್ತಿಸುವ ಕಾನೂನು ಬ್ರಿಟನ್ನಿನಲ್ಲಿ 1887ರಲ್ಲಿ, ಇಲ್ಲಿ 1889ರಲ್ಲಿ ಬಂತು. ಕತ್ತಿ ಬಹುಶಃ ಆಮೇಲಿನದು. ಎರಡನೆಯದನ್ನು ನಾವು ಜಾಣತನ ತೋರಿಸಲು ಹೋಗಿ ಉಪ್ಪುಕಾಗದದಿಂದ ಉಜ್ಜಿದೆವು. ತಯಾರಕನ ಹೆಸರು ಅಳಿಸಿಹೋಯಿತು. ಅಜ್ಜ ಏನೂ ಅನ್ನಲಿಲ್ಲ, ಅದೇ ಕಷ್ಟವಾಯಿತು. ಉಳಿದದ್ದು ‘ಸಿಲ್ವರ್ ಸ್ಟೀಲ್’ ಎಂಬ ಎರಡು ಪದ ಮಾತ್ರ.

ಆ ಪದಗಳ ಹಿಂದೆ ನಮ್ಮ ಕಡೆಯ ಕಥೆಯಿದೆ. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕಿನ ಗಟ್ಟಿಗಳು ಲಂಡನ್ನಿಗೆ ಹೋದವು. 1795ರಲ್ಲಿ ಅಲ್ಲಿಯ ರಾಯಲ್ ಸೊಸೈಟಿಯಲ್ಲಿ ಅವುಗಳ ಬಗ್ಗೆ ಪ್ರಬಂಧ ಓದಿದರು. ಇಂಗ್ಲಿಷರು ಅದನ್ನು ‘ವೂಟ್ಜ್’ ಎಂದರು. ಕನ್ನಡದ ಉಕ್ಕೇ ಹಾಗಾಯಿತೆಂದು ಅನೇಕ ವಿದ್ವಾಂಸರ ಮತ. ಅದರ ಗುಟ್ಟು ಹುಡುಕುತ್ತ ಕಮ್ಮಾರನ ಮಗ ಮೈಕೆಲ್ ಫ್ಯಾರಡೆ, ಕತ್ತಿ ಕುಶಲಿ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ ಉಕ್ಕಿಗೆ ಬಗೆಬಗೆಯ ಲೋಹ ಬೆರೆಸಿದ. ಐನೂರರಲ್ಲೊಂದು ಪಾಲು ಬೆಳ್ಳಿ ಬೆರೆಸಿದ್ದು ಚೆನ್ನಾಗಿ ಬಂತೆಂದು 1820ರ ಸುಮಾರಿಗೆ ಪ್ರಕಟಿಸಿದರು. ಆಮೇಲೆ ಶೆಫೀಲ್ಡಿನವರು ಆ ಹೆಸರನ್ನು ಕತ್ತಿಗಳ ಮೇಲೆ ಒತ್ತಿದರು. ಮುದ್ರೆ ಇದ್ದ ಮಾತ್ರಕ್ಕೆ ಒಳಗೆ ಬೆಳ್ಳಿ ಇದೆಯೆಂದಲ್ಲ.

“ಅಂದ್ರ ಇದು ನಮ್ಮ ಉಕ್ಕೇ ಅನ್ರಿ?” ಎಂದರು ಅಜ್ಜ. ಅಲ್ಲ, ಲೋಹ ಅಲ್ಲಿಯದೇ ಎಂದೆವು. ಅವರು ಮೂರನೆಯದನ್ನು ಗುಜರಿಗೆ ಹಾಕಿದರು. ಉಳಿದೆರಡಕ್ಕೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿದರು.